ಜೂಮ್ ಲೆನ್ಸಿಗೆ ಹುಡ್: ಇಲ್ಲಿಯವರೆಗೆ ಆದದ್ದು

ಕ್ಯಾನನ್ 18-135 ಎಸ್‌ಟಿಎಂ ಲೆನ್ಸಿಗೆ ಎರಡು ಹುಡ್ ಹಾಕಿ ನೋಡುತ್ತಿದ್ದೇನೆ. ಹುಡ್ ಎಂದರೆ ಪಕ್ಕದ ಬೆಳಕು ಗಾಜಿಗೆ ಬಿದ್ದು ಚಿತ್ರ ಮಬ್ಬಾಗದಂತೆ ಲೆನ್ಸಿನ ಮುಂದೆ ಹಾಕುವ ಮರೆ. ಒಂದು, ಈ ಲೆನ್ಸಿಗೆ ಕಂಪನಿಯೇ ಹೇಳುವ ಇಡಬ್ಲ್ಯೂ-73ಬಿ, ಎಸಳು ಎಸಳಾಗಿ ಕತ್ತರಿಸಿದ ಪ್ಲಾಸ್ಟಿಕ್‌ನದು. ಇನ್ನೊಂದು, 67 ಎಂಎಂ ಫಿಲ್ಟರ್ ಥ್ರೆಡ್ಡಿಗೆ ತಿರುಗಿಸಿ ಹಾಕುವ, ಮೂರು ಹಂತದಲ್ಲಿ ಮಡಚುವ ರಬ್ಬರ್ ಹುಡ್.

18 ಎಂಎಂನಲ್ಲಿ, ಅಂದರೆ ಜೂಮಿನ ಅಗಲದ ತುದಿಯಲ್ಲಿ, ಈ ಲೆನ್ಸು ಮೂಲೆಯಿಂದ ಮೂಲೆಗೆ 74 ಡಿಗ್ರಿ ನೋಡುತ್ತದೆ. ದೂರದ ತುದಿ 135ಕ್ಕೆ ಹೋದರೆ 11 ಡಿಗ್ರಿ ಚಿಲ್ಲರೆ ಅಷ್ಟೇ. ಹುಡ್ ಉದ್ದವಾದರೆ 18ರಲ್ಲಿ ಮೂಲೆಗಳು ಕಪ್ಪಾಗುತ್ತವೆ, ಹಾಗಾಗಿ ಅಗಲದ ತುದಿಗೇ ಅಳತೆ ಹಿಡಿದು ಮಾಡಿರುತ್ತಾರೆ. ಇದೇ 73ಬಿ ಹಳೆಯ 17-85 ಲೆನ್ಸಿಗೂ ಕೂರುತ್ತದೆ. 17ಕ್ಕೆ ಹೊಂದುವ ನೆರಳು 135ಕ್ಕೆ ಎಲ್ಲಿ ಸಾಕಾಗಬೇಕು?

ಮೂಲೆಗಳನ್ನು ಮನೆಯ ಬಿಳಿ ಗೋಡೆಯ ಮುಂದೆ ಪರೀಕ್ಷಿಸಿದೆ. ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/16, ಅಂದರೆ ಚಿಕ್ಕದು, ಯಾಕೆಂದರೆ ಚಿಕ್ಕ ಅಪರ್ಚರ್‌ನಲ್ಲಿ ಹುಡ್‌ನ ಅಂಚು ಸ್ಪಷ್ಟವಾಗಿ ಕಾಣುತ್ತದೆ. ನನ್ನ ಕ್ಯಾಮೆರಾ ಕ್ಯಾನನ್ 200ಡಿಯ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ತೋರಿಸುವುದು ಚಿತ್ರದ ಶೇ. 95ರಷ್ಟನ್ನು ಮಾತ್ರ, ಆದ್ದರಿಂದ ಅದನ್ನು ನಂಬದೆ ಫೋಟೊ ತೆಗೆದೇ ನೋಡಬೇಕು. 73ಬಿ ಎಲ್ಲಿಯೂ ತೊಂದರೆ ಕೊಡಲಿಲ್ಲ. ಪೂರ್ತಿ ಬಿಚ್ಚಿದ ರಬ್ಬರ್ 18ರಲ್ಲಿ ನಾಲ್ಕೂ ಮೂಲೆ ನುಂಗಿತು. 50 ದಾಟಿದ ಮೇಲೆ ಚಿತ್ರ ಸ್ವಚ್ಛ.

ನಿಜವಾದ ಪರೀಕ್ಷೆ ಹಂಪಿಯ ಮತಂಗ ಬೆಟ್ಟದ ಮೇಲೆ, ಜನವರಿಯ ಸಂಜೆ. ಅಲ್ಲಿಂದ ವಿರೂಪಾಕ್ಷ ಗೋಪುರ ಪಶ್ಚಿಮಕ್ಕೆ, ಸ್ವಲ್ಪ ಬಲಕ್ಕೆ. ಚಳಿಗಾಲದ ಸೂರ್ಯ ಅದರ ಎಡಕ್ಕೆ ಇಳಿಯುತ್ತಾನೆ. 135ರಲ್ಲಿ ಸೂರ್ಯ ಫ್ರೇಮಿನಿಂದ ಎಷ್ಟೋ ಹೊರಗೆ, ಆದರೂ ಬೆಳಕು ನೇರ ಗಾಜಿಗೆ ಬೀಳುತ್ತದೆ. ಹುಡ್ ಇಲ್ಲದ ಚಿತ್ರದಲ್ಲಿ ಗೋಪುರದ ಮೇಲೆಲ್ಲ ಮಬ್ಬು, ಗಾರೆ ಗೊಂಬೆಗಳ ಸಂದುಗಳಲ್ಲಿ ಕಪ್ಪೇ ಇಲ್ಲ. 73ಬಿಯಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ರಬ್ಬರ್ ಹಾಕಿದಾಗ ಸುಧಾರಿಸಿತು, ಪೂರ್ತಿ ಅಲ್ಲ. ಕ್ಯಾಮೆರಾ ಮುಂದೆ ಬಗ್ಗಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು: ಗಾಜಿನ ಒಂದು ಪಕ್ಕಕ್ಕೆ ಮಾತ್ರ ನೆರಳು, ಉಳಿದದ್ದೆಲ್ಲ ಬಿಸಿಲಲ್ಲಿ ಹೊಳೆಯುತ್ತಿತ್ತು. ಟೋಪಿಯನ್ನು ಲೆನ್ಸಿನ ಮುಂದೆ ಒಂದಡಿ ದೂರದಲ್ಲಿ, ಎಡಕ್ಕೆ ಹಿಡಿದೆ. ನೆರಳು ಇಡೀ ಗಾಜನ್ನು ಮುಚ್ಚಿತು, ಆ ಸಂದುಗಳಿಗೆ ಕಪ್ಪು ಮರಳಿತು. ಎಷ್ಟು ಖುಷಿಯಾಯಿತೆಂದರೆ, ಬೆಳಕು ಹೋಗುವವರೆಗೂ ಅದನ್ನೇ ತೆಗೆಯುತ್ತ ನಿಂತೆ.

ಈಗ ಹುಡ್ ಯಾವುದೇ ಇರಲಿ, ಮೊದಲು ನೋಡುವುದು ಗಾಜಿನ ಮೇಲಿನ ನೆರಳನ್ನು.

ಪೋಲರೈಸರ್, ಅಂದರೆ ಪ್ರತಿಫಲನ ಕಡಿಮೆ ಮಾಡಲು ತಿರುಗಿಸಿ ಹೊಂದಿಸುವ ಫಿಲ್ಟರ್, ಬಳಸುವವರಿಗೆ ಒಂದು ಮಾತು: 73ಬಿ ಹಾಕಿದರೆ ಒಳಗೆ ಬೆರಳು ತೂರಿಸಿ ಅದನ್ನು ತಿರುಗಿಸುವುದು ಕಷ್ಟ. ರಬ್ಬರ್ ಹುಡ್ಡನ್ನು ಪೋಲರೈಸರ್ ಮೇಲೆಯೇ ಹಾಕಿ, ಹುಡ್ ಹಿಡಿದೇ ತಿರುಗಿಸಬಹುದು. ಆದರೆ ಅಷ್ಟು ಮುಂದಕ್ಕೆ ಹೋದ ಹುಡ್ ಮೂಲೆಗಳನ್ನು ಇನ್ನೂ ಬೇಗ ಕಪ್ಪು ಮಾಡುತ್ತದೆ. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಎತ್ತಿದರಂತೂ ಹುಡ್ ತೆಗೆದುಬಿಡಿ, ಇಲ್ಲವಾದರೆ ಚಿತ್ರದ ಕೆಳಗೆ ಅದರ ನೆರಳು ಬೀಳುತ್ತದೆ.

ಸದ್ಯಕ್ಕೆ ಊರು ಸುತ್ತುವಾಗ ಲೆನ್ಸಿನ ಮೇಲೆ 73ಬಿ. 50ರಿಂದ ಆಚೆಯೇ ಕೆಲಸವಿದ್ದ ದಿನ ರಬ್ಬರ್. ಮುಂದಿನ ಕೆಲಸ, ಟೋಪಿಯ ಬದಲು ಟ್ರೈಪಾಡಿಗೆ ಕ್ಲಿಪ್ ಹಾಕಿ ನಿಲ್ಲಿಸುವ ಕಪ್ಪು ರಟ್ಟು. ಬೆಟ್ಟದ ಮೇಲಿನ ಗಾಳಿಗೆ ಅಲುಗಾಡದಂತೆ ಅದನ್ನು ಬಿಗಿಯುವುದು ಹೇಗೆಂದು ಯೋಚಿಸುತ್ತಿದ್ದೇನೆ.