ಮೊದಲು ಮಾಸ್ತರರನ್ನು ಕಳಿಸಿ

"ಅಲ್ರೀ ಸರ, ಮಾಸ್ತರ ಇಲ್ಲಂತ ಹುಡುಗ್ರು ಬಿಟ್ಟು ಹೋದ್ರು. ಈಗ ಹುಡುಗ್ರು ಇಲ್ಲಂತ ಸಾಲಿ ಮುಚ್ತೀರೇನ್ರಿ?"

ಸೋಮವಾರ ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಕ್ಕ ಕೇಳಿದ ಮಾತಿದು. ವಾರ ಮುಗಿಯುತ್ತಾ ಬಂತು, ತಲೆಯಿಂದ ಹೋಗುತ್ತಿಲ್ಲ. ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಸಣ್ಣ ಊರು ನಮ್ಮದು, ಐದನೇ ತರಗತಿವರೆಗಷ್ಟೇ ಶಾಲೆ. ಮಕ್ಕಳು ಕಡಿಮೆ, ಖರ್ಚು ಜಾಸ್ತಿ, ಪಕ್ಕದೂರಿನ ಶಾಲೆಗೆ ಸೇರಿಸಿಬಿಟ್ಟರೆ ಎಲ್ಲರಿಗೂ ಒಳ್ಳೇದು ಅಂತ ಬಂದಿದ್ದ ಸಾಹೇಬರು ಹೇಳುತ್ತಿದ್ದರು. ಕೆಟ್ಟವರಲ್ಲ ಅವರು, ಮೇಲಿನವರು ಹೇಳಿದ್ದನ್ನು ತಲುಪಿಸಲು ಬಂದಿದ್ದರು. ಆದರೆ ಅಕ್ಕ ಕೇಳಿದ್ದಕ್ಕೆ ಉತ್ತರ ಕೊಡದೆ ಸುಮ್ನೆ ಹಾಜರಿ ಪುಸ್ತಕದ ಹಾಳೆ ತಿರುವಿದರಲ್ಲ, ಅದು ನನಗೆ ಸರಿ ಕಾಣಲಿಲ್ಲ.

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಇದ್ದ ಮಾಸ್ತರರು ವರ್ಗ ಆಗಿ ಹೋದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಅತಿಥಿ ಶಿಕ್ಷಕಿ ಒಬ್ಬರೇ ಐದೂ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡಿದ್ದಾರೆ. ಕರಿಹಲಗೆಗೆ ಗೆರೆ ಎಳೆದು ಮೂರು ಪಾಲು ಮಾಡಿದ್ದಾರೆ: ಒಂದರಲ್ಲಿ ಅಕ್ಷರ, ಒಂದರಲ್ಲಿ ಮಗ್ಗಿ, ಇನ್ನೊಂದರಲ್ಲಿ ಭಾಗಾಕಾರ. ಪಕ್ಕದಲ್ಲೇ ಟೈಲ್ಸ್ ಹಾಕಿದ ಹೊಸ ಕೋಣೆ ಇದೆ, ಬೀಗ ಬಿದ್ದಿದೆ. ನಮ್ಮ ಕಲ್ಯಾಣ ಕರ್ನಾಟಕ ಭಾಗ ಹಿಂದುಳಿದಿದೆ ಅಂತಲೇ ಸಂವಿಧಾನದಲ್ಲಿ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು. ಕಟ್ಟಡಕ್ಕೆ ದುಡ್ಡು ಸಿಗುತ್ತದೆ, ಒಳಗೆ ನಿಂತು ಪಾಠ ಮಾಡುವವರಿಗೆ ಮಾತ್ರ ಇಲ್ಲ.

ಇದನ್ನೆಲ್ಲ ನೋಡಿ, ಕೈಯಲ್ಲಿ ನಾಲ್ಕು ಕಾಸು ಇದ್ದವರು ಮಕ್ಕಳನ್ನು ಖಾಸಗಿ ಶಾಲೆಯ ವ್ಯಾನು ಹತ್ತಿಸಿದರು. ಅವರನ್ನು ಬೈಯಲಾರೆ. ಉಳಿದಿದ್ದು ಕೂಲಿಯವರ ಮಕ್ಕಳು, ಅದರಲ್ಲೂ ಕೆಲವರು ಅಪ್ಪ ಅವ್ವನ ಜೊತೆ ಗುಳೆ ಹೋಗಿದ್ದಾರೆ. ಅವರು ಊರಲ್ಲಿ ಇಲ್ಲದ ಹೊತ್ತಿಗೇ ಬಂದು ತಲೆ ಎಣಿಸಿದರೆ ಇನ್ನೆಷ್ಟು ಸಿಗುತ್ತವೆ?

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, 60ರೊಳಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಬೇಕು. ಸಣ್ಣ ಮಕ್ಕಳಿಗೆ 1 ಕಿ.ಮೀ. ಒಳಗೆ ಶಾಲೆ ಇರಬೇಕು ಅಂತಲೂ ನಿಯಮ ಇದೆ. ಪಕ್ಕದೂರು ಅದಕ್ಕಿಂತ ದೂರ, ನಡುವೆ ಹಳ್ಳ. ಮಳೆಗಾಲದಲ್ಲಿ ಸೇತುವೆ ಮೇಲೆ ನೀರು ಹರಿದರೆ ದೊಡ್ಡವರೇ ಈಚೆ ನಿಂತುಬಿಡುತ್ತಾರೆ. ಆರು ವರ್ಷದ ಹುಡುಗಿಯನ್ನು ಯಾರು ಕಳಿಸುತ್ತಾರೆ? ಗಂಡು ಹುಡುಗರನ್ನಾದರೂ ಹೇಗೋ ಕಳಿಸಿಯಾರು. ಹೆಣ್ಣುಮಕ್ಕಳು ತಮ್ಮಂದಿರು, ತಂಗಿಯರನ್ನು ಎತ್ತಿಕೊಂಡು ಮನೆಯಲ್ಲೇ ಉಳಿಯುತ್ತಾರೆ. ಈ ನಷ್ಟವನ್ನು ಯಾವ ಬಜೆಟ್‌ನಲ್ಲಿ ಬರೆಯುತ್ತಾರೋ.

ಊರವರೆಲ್ಲ ಸೇರಿ ಮನವಿ ಬರೆದಿದ್ದೇವೆ, ಅಕ್ಕನೇ ಮೊದಲು ಸಹಿ ಹಾಕಿದರು. ಎರಡು ವರ್ಷ ಇಬ್ಬರು ಕಾಯಂ ಮಾಸ್ತರರನ್ನು ಕೊಡಿ, ಆಮೇಲೂ ಮಕ್ಕಳು ಬರದಿದ್ದರೆ ಲೆಕ್ಕದ ಪುಸ್ತಕ ಹಿಡಿದುಕೊಂಡು ಬನ್ನಿ, ಆಗ ಮಾತಾಡೋಣ ಅಂತ ಕೇಳಿದ್ದೇವೆ.