ತಾಪಮಾನಕ್ಕೆ ತಕ್ಕ ವೇಗದ ಫ್ಯಾನ್

ಆಂಪ್ಲಿಫೈಯರ್ ಪೆಟ್ಟಿಗೆಯೊಳಗಿನ 12 ವೋಲ್ಟ್ ಫ್ಯಾನ್ ಸದಾ ಪೂರ್ಣ ವೇಗದಲ್ಲಿ ತಿರುಗಬೇಕಾದ ಅಗತ್ಯವಿಲ್ಲ. ಅದರ ಮೊರೆತ ಸಂಗೀತದ ಮೆಲುದನಿಯನ್ನೇ ನುಂಗಿಬಿಡುತ್ತದೆ. ಆದ್ದರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಕಿಲೋಓಮ್ ರೋಧವಿರುವ ಎನ್‌ಟಿಸಿ ಥರ್ಮಿಸ್ಟರನ್ನು (ತಾಪಮಾನಕ್ಕೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ) ಹೀಟ್‌ಸಿಂಕ್‌ಗೆ, ಅಂದರೆ ಬಿಸಿಯನ್ನು ಹೊರಹಾಕುವ ಲೋಹದ ತುಂಡಿಗೆ, ಒತ್ತಿ ಕೂರಿಸಿ, ಅಷ್ಟೇ ರೋಧದ ರೆಸಿಸ್ಟರಿನೊಂದಿಗೆ ಸರಣಿಯಲ್ಲಿ ಜೋಡಿಸಿದೆ. ಬಿಸಿಯೇರಿದಂತೆ ಥರ್ಮಿಸ್ಟರಿನ ರೋಧ ಕುಗ್ಗಿ, ಅವೆರಡೂ ಸೇರುವ ಬಿಂದುವಿನ ವೋಲ್ಟೇಜ್ ಬದಲಾಗುತ್ತದೆ; ಅದನ್ನು ಓದುವ ಆರ್ಡುಯಿನೊ ಊನೊ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್, ಪಿಡಬ್ಲ್ಯುಎಂ ಸಂಕೇತದ (ವೇಗವಾಗಿ ಆನ್-ಆಫ್ ಆಗುತ್ತಾ ಸರಾಸರಿ ಶಕ್ತಿಯನ್ನು ಹೆಚ್ಚು-ಕಡಿಮೆ ಮಾಡುವ ಸಂಕೇತ) ಮೂಲಕ, ಫ್ಯಾನಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರನ್ನು ನಿಯಂತ್ರಿಸುತ್ತದೆ.

ಈ ಮಾಸ್‌ಫೆಟ್ ಲಾಜಿಕ್ ಮಟ್ಟದ್ದೇ (ಆರ್ಡುಯಿನೊ ಕೊಡುವ 5 ವೋಲ್ಟಿಗೇ ಪೂರ್ತಿ ತೆರೆದುಕೊಳ್ಳುವಂಥದ್ದೇ) ಆಗಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಾಮಾನ್ಯ ಬಗೆಯದು, ಅದನ್ನು ನಿಯಂತ್ರಿಸುವ ಕಾಲಾದ ಗೇಟಿಗೆ 5 ವೋಲ್ಟ್ ಕೊಟ್ಟರೂ ಪೂರ್ತಿ ತೆರೆದುಕೊಳ್ಳದೆ, ತಾನೇ ಬಿಸಿಯಾಗಬಹುದು. ಫ್ಯಾನಿನ ವಿದ್ಯುತ್ ಕಡಿದಾಗ ಹುಟ್ಟುವ ವೋಲ್ಟೇಜ್ ಜಿಗಿತದಿಂದ ಮಾಸ್‌ಫೆಟ್ಟನ್ನು ಕಾಪಾಡಲು, ಫ್ಯಾನಿನ ಎರಡು ತಂತಿಗಳಿಗೆ ಅಡ್ಡಲಾಗಿ ಒಂದು ಡಯೋಡ್ ಇರಲಿ. ನಿಂತ ಫ್ಯಾನ್ ಹೊರಡಲು, ತಿರುಗುತ್ತಿರುವ ಫ್ಯಾನಿಗಿಂತ ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ, ಮೊದಲ ಕ್ಷಣ ಪೂರ್ಣ ಶಕ್ತಿ ನೀಡಿ, ಆಮೇಲಷ್ಟೇ ವೇಗವನ್ನು ಇಳಿಸುವಂತೆ ಪ್ರೋಗ್ರಾಂ ಬರೆದಿದ್ದೇನೆ.