ನಥಿಂಗ್ ಸೀರಿಯಸ್

ದೊಡ್ಡಮ್ಮಂಗೆ ಎದೆ ಉರಿ ಅಂತ ಕುಮಟೆಯಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಮೊನ್ನೆ ರಾತ್ರಿ ದೊಡ್ಡಪ್ಪನ ಫೋನು. "ತಮಾ, ಸೀರಿಯಸ್ ಅಡ, ಡಾಕ್ಟ್ರು ಹೇಳಿದ್ರು." ಅಷ್ಟೇ, ಕಟ್.

ನಮ್ಮಲ್ಲಿ ಆ ಶಬ್ದ ಬಿದ್ದ ಮೇಲೆ ಮುಂದೆ ಯಾರೂ ಏನೂ ಕೇಳೂದಿಲ್ಲ. ಅಣ್ಣ ಕಾರು ತೆಗೆದ, ಅತ್ತಿಗೆ ಫ್ಲಾಸ್ಕು, ಬೆಡ್‌ಶೀಟು, ಆಧಾರ್ ಕಾರ್ಡು ಎಲ್ಲ ಚೀಲಕ್ಕೆ ತುಂಬಿದ್ಲು, ಬೆಂಗಳೂರಿನ ಮಾವ ಬಸ್ ಬುಕ್ ಮಾಡಿ "ಸೀದಾ ಮಣಿಪಾಲಕ್ಕೇ ಬರ್ಲಾ" ಅಂತ ಮೆಸೇಜು ಹಾಕಿದ, ಈ ಮಾವ ಕರೆಯೂದಕ್ಕಿಂತ ಮೊದಲೇ ಹೊರಡೋ ಜಾತಿ. ಶಿರಸಿಯಿಂದ ಆ ಮಳೇಲಿ ದೇವಿಮನೆ ಘಟ್ಟ ಇಳಿದು ಹೋಗಿ ನೋಡಿದ್ರೆ ದೊಡ್ಡಮ್ಮ ಮಂಚದ ಮೇಲೆ ಕೂತು ಬ್ರೆಡ್ ತಿಂತಾ ಇದ್ಲು. ಗ್ಯಾಸಂತೆ.

ಡಾಕ್ಟ್ರು ಹೊರಗಿನ ಹುಡುಗ, ಕನ್ನಡ ಬರೂದಿಲ್ಲ. ಇಸಿಜಿ ನೋಡಿ ಮಾಸ್ಕ್ ಒಳಗಿಂದಲೇ "ಡೋಂಟ್ ವರಿ ಅಂಕಲ್, ನಥಿಂಗ್ ಸೀರಿಯಸ್" ಅಂದಿದ್ದಾನೆ. ದೊಡ್ಡಪ್ಪನ ವಾದ ಏನು ಅಂದ್ರೆ, "ನಥಿಂಗ್ ಮೆಲ್ಲಗೆ ಹೇಳಿದ, ಸೀರಿಯಸ್ ಗಟ್ಟಿಯಾಗಿ ಹೇಳಿದ, ತಪ್ಪು ಯಾರ್ದು?" ನಾವೆಲ್ಲ ನಕ್ಕೆವು, ಆದ್ರೆ ನಂಗೆ ಆ ಮಾತು ಇನ್ನೂ ತಲೆಯಿಂದ ಹೋಗ್ತಿಲ್ಲ. ನಮ್ಮಲ್ಲಿ 'ಇಲ್ಲ' ಬರೂದು ಕೊನೆಗೆ, ಸೀರಿಯಸ್ ಏನೂ ಇಲ್ಲ ಅಂತೇವೆ, ಪಾಪ ದೊಡ್ಡಪ್ಪ ಸೀರಿಯಸ್ ಆದ್ಮೇಲೆ ಆ 'ಇಲ್ಲ' ಬರ್ತದೆ ಅಂತ ಕಾದಿರ್ಬೇಕು, ಹುಡುಗ ಅಷ್ಟೊತ್ತಿಗೆ ಬೇರೆ ಬೆಡ್ಡಿಗೆ ಹೋಗಾಗಿದೆ. ಪಕ್ಕದಲ್ಲಿದ್ದ ನರ್ಸಮ್ಮ ಊರವಳೇ, "ಎಂತದೂ ಇಲ್ಲ ಮಾರಾಯ್ರೆ" ಅನ್ನೋಕೆ ಏನು ಧಾಡಿಯಾಗಿತ್ತೋ.

ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಯ ಸ್ಥಿತಿ ಹೇಳೂದಕ್ಕೆ ಗುಡ್, ಫೇರ್, ಸೀರಿಯಸ್, ಕ್ರಿಟಿಕಲ್ ಅಂತ ಮೆಟ್ಟಿಲು ಮಾಡಿಟ್ಟಿದ್ದಾರೆ, ಸೀರಿಯಸ್ ಆದ್ಮೇಲೂ ಇನ್ನೊಂದು ಉಂಟು. ನಮಗೆ ಸೀರಿಯಸ್ಸೇ ಕೊನೇದು. ಮಕ್ಕಳಿಗೆ ಸೀರಿಯಸ್ಸಾಗಿ ಓದು ಅಂತೇವೆ, ತಮಾಷೆಗೆ ಸೀರಿಯಸ್ ಆಗ್ಬೇಡ ಅಂತೇವೆ, ಅದೆಲ್ಲ ಸರಿ, ಆದ್ರೆ ಆಸ್ಪತ್ರೆ ಬಾಗಿಲಲ್ಲಿ ಅದೇ ಶಬ್ದ ಅಂದ್ರೆ ಆಂಬುಲೆನ್ಸ್ ಕರೀರಿ, ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಗೋವೆಯೋ ಹೇಳಿ ಅಂತ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಒಂದು ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲೇ ಇಲ್ಲಿನ ಹುಡುಗರು ಟ್ವಿಟರ್‌ನಲ್ಲಿ ಅಭಿಯಾನ ಮಾಡಿದ್ರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿನ ಕುಂದಾಪುರಕ್ಕೆ ಒಯ್ಯೋ ಆಂಬುಲೆನ್ಸ್ ಶಿರೂರು ಟೋಲ್ ಗೇಟಲ್ಲಿ ಪಲ್ಟಿ ಹೊಡೆದು ಜನ ಸತ್ರು, ಆ ವಿಡಿಯೋ ನೋಡದವರು ಇಲ್ಲಿ ಯಾರಿದ್ದಾರೆ. ದೊಡ್ಡಪ್ಪನ ಕಿವಿ ಮಂದ ಅಂತ ಅತ್ತಿಗೆ ಹೇಳ್ತಾಳೆ, ನಂಗೆ ಹಾಗೆ ಅನ್ನಿಸೂದಿಲ್ಲ, ಈ ಕರಾವಳೀಲಿ ಎಲ್ಲರ ಕಿವಿಯೂ ಆ ಒಂದು ಶಬ್ದಕ್ಕೇ ಕಾದು ಕೂತಿರ್ತದೆ.

ಮಾವ ಮಾತ್ರ ಬಸ್ಸಿನ ದುಡ್ಡು ವಾಪಸ್ ಬರ್ಲಿಲ್ಲ ಅಂತ ಮುಖ ಊದಿಸ್ಕೊಂಡಿದ್ದಾನೆ, ಫೋನ್ ಮಾಡಿದ್ರೂ ಎತ್ತೂದಿಲ್ಲ.